ಚುಚ್ಚುಹುಲ್ಲು ಕಿತ್ತ ವರ್ಷ

ಹಗ್ಗದಮ್ಮನಿಗೆ ಸಿಟ್ಟು ಬಂದರೆ ದನಿ ಏರುತ್ತಿರಲಿಲ್ಲ, ಇಳಿಯುತ್ತಿತ್ತು. ಇದು ಗೊತ್ತಿಲ್ಲದವರು ಅವಳಿಗೆ ಸಮಾಧಾನವಾಯಿತೆಂದು ತಿಳಿದು ಮಾತು ಮುಂದುವರಿಸಿ ಕೆಟ್ಟರು. ಅವಳ ಗಂಡ, ಆಸ್ಪತ್ರೆಯ ದರ್ಜಿ, ಮಾತ್ರ ಇದನ್ನು ಚೆನ್ನಾಗಿ ಬಲ್ಲವನಾಗಿದ್ದ. ಹೆಂಡತಿಯ ದನಿ ಇಳಿಯುತ್ತಿದ್ದಂತೆ ಅವನು ಹೊಲಿಗೆ ಮಿಷನ್ನಿನ ಪೆಡಲನ್ನು ಜೋರಾಗಿ ತುಳಿಯುತ್ತಿದ್ದ. ಕಾರಿಡಾರಿನಲ್ಲಿ ಹೋಗುವ ನಾವು ಮಿಷನ್ನಿನ ಸದ್ದಿನಿಂದಲೇ ಒಳಗಿನ ಹವಾಮಾನ ಅಳೆಯುತ್ತಿದ್ದೆವು.

ಕಡಲ ದಂಡೆಯ ಆ ಆಸ್ಪತ್ರೆಗೆ ನಾನು ಗಂಡಸರ ವಾರ್ಡಿನ ನರ್ಸಾಗಿ ಸೇರಿದಾಗ ಅವಳು ಅಲ್ಲಿ ಬಟ್ಟೆ ಒಗೆಯಲು ಹಿಡಿದು ಹದಿನೆಂಟು ವರ್ಷವಾಗಿತ್ತು. ವಾರ್ಡುಗಳ ಹಿಂದೆ ಒಗೆಯುವ ಮನೆ. ಒಳಗೆ ಎರಡು ದೊಡ್ಡ ಹಂಡೆ, ನಾಲ್ಕು ಸಿಮೆಂಟು ತೊಟ್ಟಿ. ಹೊರಗೆ ಅಂಗಳದ ತುಂಬ ಕಬ್ಬಿಣದ ಕಂಬಗಳು, ಕಂಬದಿಂದ ಕಂಬಕ್ಕೆ ಹನ್ನೆರಡು ಸಾಲು ಹಗ್ಗ. ಆ ಹಗ್ಗಗಳನ್ನು ಅವಳು ಬೇರೆ ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ತಾನೇ ಬಿಗಿಯುತ್ತಿದ್ದಳು, ತಾನೇ ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದಳು. ಹೆಸರು ಬಂದದ್ದು ಹಾಗೆ. ರಕ್ತದ ಕಲೆಗೆ ಮೊದಲು ತಣ್ಣೀರು, ಆಮೇಲೆ ಸೋಪು, ಕೊನೆಗೆ ಕುದಿನೀರು. ಈ ಕ್ರಮ ತಪ್ಪಿಸಿದವಳನ್ನು ಅವಳು ಆ ದಿನವಿಡೀ ತೊಟ್ಟಿಯ ಹತ್ತಿರ ಸೇರಿಸುತ್ತಿರಲಿಲ್ಲ. ಅವಳು ಒಗೆದ ಬೆಡ್‌ಶೀಟಿಗೆ ಬಿಸಿಲಿನ ವಾಸನೆ ಇರುತ್ತಿತ್ತು. ರೋಗಿಗಳು ಹೊಸ ಹಾಸಿಗೆಗೆ ಬಂದ ಮೊದಲ ದಿನ ಮುಖ ಹೂತು ಮೂಸುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಅಂಗಳದಾಚೆ ಮೊಣಕಾಲೆತ್ತರದ ಗೋಡೆ. ಅದರಾಚೆ ಮರಳ ದಿಬ್ಬ, ದಿಬ್ಬದ ಮೇಲೆಲ್ಲ ಚುಚ್ಚುಹುಲ್ಲು. ಅದಾದ ಮೇಲೆ ಸಮುದ್ರ.

ಆ ಹುಲ್ಲನ್ನು ನೋಡಿ ಯಾರೂ ಚಂದ ಅಂದವರಿಲ್ಲ. ಬೂದಿ ಬಳಿದಂಥ ಹಸಿರು, ಸೂಜಿಯಂಥ ಎಲೆ. ಬೆರಳು ದಪ್ಪದ ಬಳ್ಳಿಗಳು ಮರಳ ಮೇಲೆ ಮಾರುಗಟ್ಟಲೆ ಹರಿದು ಗೆಣ್ಣುಗೆಣ್ಣಿಗೆ ಬೇರು ಬಿಡುತ್ತವೆ. ಅದರಲ್ಲಿ ಗಂಡು ಬೇರೆ, ಹೆಣ್ಣು ಬೇರೆ. ಹೆಣ್ಣುಗಿಡ ಮುಳ್ಳುಚೆಂಡಿನಂಥ ತೆನೆ ಬಿಡುತ್ತದೆ. ಒಣಗಿದ ಮೇಲೆ ಆ ಚೆಂಡು ಕಳಚಿ, ಗಾಳಿಗೆ ಕಾಲು ಬಂದಂತೆ ದಂಡೆಯುದ್ದಕ್ಕೂ ಉರುಳುತ್ತದೆ, ನೀರಿಗೆ ಬಿದ್ದರೆ ತೇಲಿ ಎಲ್ಲೋ ದ್ವೀಪ ಸೇರುತ್ತದೆ. ಹಗ್ಗದಮ್ಮ ಅದನ್ನು ತೋರಿಸಿ ಗಂಡನನ್ನು ಕೆಣಕುತ್ತಿದ್ದಳು. "ನೋಡಿ, ಹೆಣ್ಣೇ ಊರೂರು ಉರುಳಿ ಸಂಸಾರ ಕಟ್ಟೋದು. ಗಂಡು ಕೂತಲ್ಲೇ ಕೂತಿರುತ್ತೆ, ನಿಮ್ಮ ಹಾಗೆ." ದರ್ಜಿ ಬಾಯಲ್ಲಿ ಕಚ್ಚಿಕೊಂಡ ದಾರ ತೆಗೆಯದೆಯೇ ನಗುತ್ತಿದ್ದ.

ತಮಾಷೆ ಏನೇ ಇರಲಿ, ಆ ಹುಲ್ಲಿನ ವಿಷಯದಲ್ಲಿ ಅವಳು ಕಲ್ಲಿನಷ್ಟು ಗಟ್ಟಿ. ದಿಬ್ಬದ ಮೇಲೆ ಯಾರಾದರೂ ಅಡ್ಡದಾರಿ ತುಳಿದರೆ ಒಗೆಯುವ ಮನೆಯಿಂದಲೇ ಕೂಗಿ ಇಳಿಸುತ್ತಿದ್ದಳು. ಕಾರಣ ಅವಳ ಹುಟ್ಟೂರು. ನದಿ ಸಮುದ್ರ ಸೇರುವ ಕಡೆ, ನೀರು ನೀರಿನ ನಡುವೆ ನಾಲಿಗೆಯಂತೆ ಚಾಚಿದ ಮರಳಪಟ್ಟಿ. ಅಲ್ಲಿ ಇಪ್ಪತ್ತೆರಡು ಮನೆ. ಯಾರೋ ಇಟ್ಟಿಗೆ ಗೂಡಿನವನು ಬಂದು ಉರುವಲಿಗೆ ಈ ಹುಲ್ಲು ಬೇಕೆಂದ. ಊರವರು ಎರಡು ಬೇಸಿಗೆ ಕಿತ್ತು ಕೊಟ್ಟರು. ಮೂರನೆಯ ವರ್ಷ ಮರಳು ಎದ್ದಿತು. ಬಾವಿ ತುಂಬಿತು. ಬೆಳಿಗ್ಗೆ ಬಾಗಿಲು ತೆಗೆಯಲು ಆಗುತ್ತಿರಲಿಲ್ಲ. ಅವಳ ಅಪ್ಪ ಬಾಗಿಲನ್ನು ನಡುವಿಗೆ ಗರಗಸದಿಂದ ಕೊಯ್ದು ಮೇಲಿನ ಅರ್ಧವನ್ನು ಮಾತ್ರ ತೆರೆಯುವಂತೆ ಮಾಡಿದರು. ಅದರಿಂದ ಹಾರಿ ಹೊರಬಿದ್ದು ಮೊರದಲ್ಲಿ ಮರಳು ಬಾಚುವ ಕೆಲಸ ಮನೆಯ ಕಿರಿಯವಳದ್ದು, ಅಂದರೆ ಅವಳದ್ದು. ಹನ್ನೊಂದನೆಯ ವಯಸ್ಸಿಗೆ ಅವಳು ಆ ಊರು ಬಿಟ್ಟಳು. ಊರು ಆಗ ಮಾಡಿನವರೆಗೆ ಹೂತಿತ್ತು.

ನಾನು ಸೇರಿದ ಐದನೆಯ ವರ್ಷ ಹೊಸ ದೊಡ್ಡ ಡಾಕ್ಟರು ಬಂದರು. ಆಸ್ಪತ್ರೆಯ ಮುಖ್ಯಸ್ಥರನ್ನು ನಾವು ಕರೆಯುತ್ತಿದ್ದದ್ದು ಹಾಗೆ. ಕೈ ಚೆನ್ನಾಗಿತ್ತು, ಶಸ್ತ್ರಚಿಕಿತ್ಸೆಯಲ್ಲಿ ಹೆಸರಿತ್ತು. ಆದರೆ ಅವರಿಗೆ ಆಸ್ಪತ್ರೆ ಎಂದರೆ ಮುಂಬಾಗಿಲಿನಿಂದ ತೆಗೆದ ಫೋಟೋ. ಬಂದ ತಿಂಗಳಲ್ಲೇ ದಿಬ್ಬದ ಹತ್ತಿರ ಯಾರದೋ ಕಾಲಿಗೆ ಹುಲ್ಲು ಚುಚ್ಚಿತೆಂದು ದೂರು ಬಂತು. ಅಷ್ಟೇ ಸಾಕಾಯಿತು. ದಿಬ್ಬ ತಗ್ಗಿಸಿ, ಹುಲ್ಲು ತೆಗೆದು, ಮೆತ್ತನೆಯ ಲಾನ್ ಹಾಸಿ, ಬೆಂಚು ಹಾಕಬೇಕು. ರೋಗಿಗಳು ಹಾಸಿಗೆಯಿಂದಲೇ ಸಮುದ್ರ ನೋಡಬೇಕು. ಮೇಲಿನ ಅಧಿಕಾರಿ ಬಂದು ರಿಬ್ಬನ್ ಕತ್ತರಿಸುವ ತಾರೀಕೂ ಗೊತ್ತಾಯಿತು.

ಹಗ್ಗದಮ್ಮ ಕೈ ಒರೆಸಿಕೊಂಡು ನೇರ ಅವರ ಕೋಣೆಗೆ ಹೋದಳು. ನಾನು ಫೈಲು ಸಹಿ ಮಾಡಿಸಲು ಅಲ್ಲೇ ನಿಂತಿದ್ದೆ.

"ಸಾರ್, ಆ ಹುಲ್ಲು ಕೀಳಿಸಬೇಡಿ. ಅದು ಹೋದ್ರೆ ಮರಳು ಒಳಗೆ ಬರುತ್ತೆ."

"ಲಾನ್ ಹಾಕ್ತಾ ಇದೀವಲ್ಲಮ್ಮ. ಅದೂ ಹುಲ್ಲೇ."

"ಅದು ಸಿಹಿನೀರಿನ ಹುಲ್ಲು ಸಾರ್. ಉಪ್ಪುಗಾಳಿಗೆ ಒಂದು ತಿಂಗಳು ನಿಲ್ಲಲ್ಲ."

ದೊಡ್ಡ ಡಾಕ್ಟರು ನಕ್ಕರು. ಅದು ಕೆಟ್ಟ ನಗುವೇನಲ್ಲ. ಮಕ್ಕಳ ಮಾತಿಗೆ ನಗುತ್ತಾರಲ್ಲ, ಹಾಗೆ. "ನೀವು ಬಟ್ಟೆ ನೋಡ್ಕೊಳ್ಳಿ, ತೋಟ ನಾವು ನೋಡ್ಕೋತೀವಿ."

ಎರಡು ಬೆಳಗಿನಲ್ಲಿ ಯಂತ್ರ ದಿಬ್ಬವನ್ನು ಸಪಾಟು ಮಾಡಿತು. ಕಿತ್ತ ಬಳ್ಳಿಗಳನ್ನು ಗುಡ್ಡೆ ಹಾಕಿ ಸುಟ್ಟರು. ಆ ಹೊಗೆ ಒಣಗಲು ಹಾಕಿದ್ದ ಬಟ್ಟೆಗಳಿಗೆಲ್ಲ ಹತ್ತಿ, ಅವಳು ಎಪ್ಪತ್ತು ಬೆಡ್‌ಶೀಟನ್ನು ಮತ್ತೆ ಒಗೆದಳು. ಅಧಿಕಾರಿ ಬಂದರು, ರಿಬ್ಬನ್ ಕತ್ತರಿಸಿದರು. ಅವಳು ಕೊಟ್ಟ ಲೆಕ್ಕಕ್ಕಿಂತ ಲಾನ್ ನಾಲ್ಕು ದಿನ ಮೊದಲೇ ಹಳದಿಯಾಯಿತು.

ಆಮೇಲೆ ಗಾಳಿಯ ತಿಂಗಳು ಬಂತು.

ಮಧ್ಯಾಹ್ನ ಎರಡರ ಹೊತ್ತಿಗೆ ಸಮುದ್ರದ ಕಡೆಯಿಂದ ಗಾಳಿ ಎದ್ದರೆ, ನೆಲದಿಂದ ಮೊಣಕಾಲಿನ ತನಕ ಮರಳು ಹೊಗೆಯಂತೆ ಹರಿದು ಬರುತ್ತಿತ್ತು. ಒದ್ದೆ ಬೆಡ್‌ಶೀಟಿಗೆ ಮರಳು ಹಿಟ್ಟಿನಂತೆ ಮೆತ್ತಿಕೊಳ್ಳುತ್ತಿತ್ತು. ಒಣಗಿದ ಮೇಲೆ ಕೊಡವಿದರೆ ಮುಕ್ಕಾಲು ಪಾಲು ಉದುರುತ್ತದೆ, ಉಳಿದದ್ದು ನೇಯ್ಗೆಯೊಳಗೇ ಕೂರುತ್ತದೆ. ಹಗ್ಗದಮ್ಮ ಹಗ್ಗಗಳನ್ನು ಕಟ್ಟಡದ ಮರೆಗೆ ಸರಿಸಿದಳು. ಬೆಳಗಿನ ಜಾವಕ್ಕೇ ಒಗೆದು ಗಾಳಿ ಏಳುವ ಮೊದಲು ತೆಗೆದಳು. ಒಗೆಯುವ ಮನೆಯೊಳಗೇ ಒಣಗಿಸಿ ನೋಡಿದಳು. ಹಂಡೆಯ ಹಬೆಗೆ ಬಟ್ಟೆ ಮುಗ್ಗಲು ವಾಸನೆ ಹಿಡಿಯಿತು. ಆಫೀಸಿಗೆ ಮೂರು ಸಲ ಹೋಗಿ ಹೇಳಿದಳು. ಗುಮಾಸ್ತ ಬರೆದು ಕೊಡಿ ಎಂದ. ದರ್ಜಿ ಬರೆದುಕೊಟ್ಟ. ಆ ಕಾಗದ ಯಾವ ಫೈಲಿಗೆ ಹೋಯಿತೋ ದೇವರೇ ಬಲ್ಲ.

ಇನ್ನು ನನ್ನ ಪಾಲಿನ ಮಾತು ಹೇಳಬೇಕು.

ನನ್ನ ವಾರ್ಡಿನಲ್ಲಿ ಸೊಂಟದ ಮೂಳೆ ಮುರಿದ ಒಬ್ಬ ಮುದುಕ ಇದ್ದರು. ಅರವತ್ತು ವರ್ಷ ದೋಣಿ ನಡೆಸಿದವರು, ನಾವು ದೋಣಿ ತಾತ ಅನ್ನುತ್ತಿದ್ದೆವು. ನಾಲ್ಕು ತಿಂಗಳಿಂದ ಮಲಗಿದಲ್ಲೇ ಇದ್ದರು. ನಾನು ದಿನಕ್ಕೆ ಆರು ಸಲ ಮಗ್ಗುಲು ಬದಲಿಸಿ, ಬೆನ್ನಿಗೆ ಎಣ್ಣೆ ಸವರಿ, ಒಂದು ಗುಳ್ಳೆಯೂ ಏಳದಂತೆ ಕಾಪಾಡಿದ್ದೆ. ಅದು ನನ್ನ ಹೆಮ್ಮೆಯೂ ಆಗಿತ್ತು. ಒಂದು ಬೆಳಿಗ್ಗೆ ಮಗ್ಗುಲು ಹೊರಳಿಸಿದರೆ ಬೆನ್ನ ಕೆಳಗೆ ಅಂಗೈಯಷ್ಟು ಚರ್ಮ ಮರಳುಕಾಗದ ಉಜ್ಜಿದಂತೆ ಎದ್ದಿದೆ. ಹುಣ್ಣಿನಲ್ಲಿ ಮರಳಿನ ಕಣಗಳು ಮಿನುಗುತ್ತಿವೆ. ತಾತ ಹಲ್ಲು ಕಚ್ಚಿಕೊಂಡು, "ಸಮುದ್ರ ನೋಡೋಕೆ ನಾನು ಹೋಗ್ಲಿಲ್ಲ ಅಂತ ಅದೇ ಬಂದಿದೆ ಮಗಳೇ," ಎಂದರು.

ನನಗೆ ರಕ್ತ ಕುದಿಯಿತು. ಕುದಿದದ್ದು ಸರಿಯೇ, ಆದರೆ ಉಕ್ಕಿದ್ದು ಯಾರ ಮೇಲೆ? ಕಿಟಕಿಯಾಚೆ ಬೋಳು ಮರಳು ಕಾಣುತ್ತಿತ್ತು, ದೊಡ್ಡ ಡಾಕ್ಟರ ಬೆಂಚುಗಳು ಅರ್ಧ ಹೂತು ನಿಂತಿದ್ದವು. ಅದನ್ನೆಲ್ಲ ನೋಡಿಯೂ ನಾನು ವಾರ್ಡಿನ ದೂರುಪುಸ್ತಕ ತೆಗೆದು ಬರೆದೆ: "ಬಟ್ಟೆ ಒಗೆಯುವವರ ಅಲಕ್ಷ್ಯದಿಂದ ಬೆಡ್‌ಶೀಟುಗಳಲ್ಲಿ ಮರಳು ಉಳಿದು ರೋಗಿಗೆ ಹುಣ್ಣಾಗಿದೆ." ಕೆಳಗೆ ಸಹಿ ಹಾಕಿದೆ. ದೊಡ್ಡ ಡಾಕ್ಟರ ಮೇಲೆ ಬರೆಯುವ ಧೈರ್ಯ ಇರಲಿಲ್ಲ, ಹಗ್ಗದಮ್ಮನ ಮೇಲೆ ಬರೆಯಲು ಧೈರ್ಯ ಬೇಕಿರಲಿಲ್ಲ. ಬಗ್ಗಿದವರಿಗೆ ಒಂದು ಗುದ್ದು ಹೆಚ್ಚು ಅನ್ನುತ್ತಾರಲ್ಲ, ಆ ಗುದ್ದು ಕೊಟ್ಟವಳು ನಾನು.

ಮೂರನೆಯ ದಿನ ಅವಳಿಗೆ ಮೆಮೊ ಬಂತು. ಅವಳಿಗೆ ಓದಲು ಬಾರದು. ದರ್ಜಿ ಗುಂಡಿ ತರಲು ಪೇಟೆಗೆ ಹೋಗಿದ್ದ. ಅವಳು ಆ ಕಾಗದ ಹಿಡಿದು ನೇರ ನನ್ನ ಹತ್ತಿರವೇ ಬಂದಳು.

"ಸಿಸ್ಟರಮ್ಮ, ಇದೇನು ಓದಿ ಹೇಳಿ."

ನಾನು ಓದಿದೆ. ಕೆಲಸದಲ್ಲಿ ಅಲಕ್ಷ್ಯ, ರೋಗಿಯ ಪ್ರಾಣಕ್ಕೆ ಅಪಾಯ, ಎರಡು ದಿನದಲ್ಲಿ ವಿವರಣೆ. ಕೊನೆಯ ಸಾಲಿನಲ್ಲಿ "ಗಂಡಸರ ವಾರ್ಡಿನ ನರ್ಸು ಕೊಟ್ಟ ದೂರಿನ ಮೇರೆಗೆ" ಎಂದಿತ್ತು. ಅಲ್ಲಿಗೆ ಬಂದಾಗ ನನ್ನ ನಾಲಿಗೆ ತಡೆಯಿತು.

"ಮುಂದೆ?"

ಓದಿದೆ.

ಅವಳು ಕಾಗದವನ್ನು ನಾಲ್ಕು ಮಡಿಕೆ ಮಾಡಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ದನಿ ಎಷ್ಟು ಇಳಿದಿತ್ತೆಂದರೆ ನಾನು ಬಗ್ಗಿ ಕೇಳಬೇಕಾಯಿತು. "ಹುಲ್ಲು ಕೀಳಿಸ್ಬೇಡಿ ಅಂತ ನಾನು ಹೇಳಿದ ದಿನ ನೀವು ಅಲ್ಲೇ ಫೈಲು ಹಿಡ್ಕೊಂಡು ನಿಂತಿದ್ರಿ. ಕಿವಿ ಇತ್ತಲ್ಲ ನಿಮಗೆ?"

ನನ್ನ ಉತ್ತರಕ್ಕೆ ಅವಳು ಕಾಯಲಿಲ್ಲ. ದೋಣಿ ತಾತನ ಮಂಚದ ಹತ್ತಿರ ಹೋಗಿ, "ಒಂದು ಸಲ ತೋರ್ಸಿ ತಾತ," ಎಂದಳು. ಹುಣ್ಣನ್ನು ನೋಡಿದಳು, ಬಹಳ ಹೊತ್ತು ನೋಡಿದಳು. ಹೊರಗೆ ಹೋದಳು.

ಆಗ ಮಧ್ಯಾಹ್ನ ಎರಡೂವರೆ, ಗಾಳಿ ಜೋರಾಗಿತ್ತು. ಅವಳು ಒಂದು ಬೆಡ್‌ಶೀಟನ್ನು ನೀರಿನಲ್ಲಿ ಅದ್ದಿ ಹಿಂಡಿ, ಸಮುದ್ರದ ಕಡೆಯ ಮೊದಲ ಹಗ್ಗಕ್ಕೆ ಹಾಕಿ ಪಕ್ಕದಲ್ಲೇ ಕೈಕಟ್ಟಿ ನಿಂತಳು. ಅರ್ಧ ಗಂಟೆ. ತಲೆಗೂದಲು, ಹುಬ್ಬು ಎಲ್ಲ ಮರಳು. ಆಮೇಲೆ ಬೆಡ್‌ಶೀಟಿನ ನಾಲ್ಕು ಮೂಲೆ ಸೇರಿಸಿ ಗಂಟು ಹಿಡಿದು ಕಾರಿಡಾರಿನುದ್ದಕ್ಕೂ ನಡೆದಳು. ಜವಾನ ತಡೆದ. ಅವಳು ಅವನನ್ನು ನೋಡಿದಳು, ಅವನು ಬದಿಗೆ ಸರಿದ.

ದೊಡ್ಡ ಡಾಕ್ಟರ ಮೇಜಿನ ಮೇಲೆ ಗಾಜು, ಗಾಜಿನ ಕೆಳಗೆ ಉದ್ಘಾಟನೆಯ ಫೋಟೋ. ಅವಳು ಗಂಟು ಬಿಚ್ಚಿ ಬೆಡ್‌ಶೀಟನ್ನು ಆ ಮೇಜಿನ ಮೇಲೆ ಒಮ್ಮೆ, ಎರಡು ಸಲ, ಮೂರು ಸಲ ಕೊಡವಿದಳು. ಫೈಲು, ಫೋನು, ಅರ್ಧ ಕುಡಿದ ಕಾಫಿ ಎಲ್ಲ ಮರಳು. ದೊಡ್ಡ ಡಾಕ್ಟರು ಕುರ್ಚಿ ಹಿಂದೆ ತಳ್ಳಿ ಎದ್ದು ನಿಂತರು.

"ವಿವರಣೆ ಕೇಳಿದ್ರಲ್ಲ ಸಾರ್. ಇದೇ ವಿವರಣೆ. ನನಗೆ ಬರೆಯೋಕೆ ಬರಲ್ಲ."

"ನಿಮಗೆ ತಲೆ ಕೆಟ್ಟಿದೆಯಾ? ಇದನ್ನ ಏನು ಅಂದ್ಕೊಂಡಿದ್ದೀರಿ?"

"ಆಸ್ಪತ್ರೆ ಅಂತ್ಲೇ ಅಂದ್ಕೊಂಡಿದ್ದೆ. ಈ ಮರಳಿನ ಮೇಲೆ ನೀವು ಒಂದು ರಾತ್ರಿ ಮಲಗಿ. ಅಂಗಿ ತೆಗೆದು ಮಲಗಿ. ಬೆಳಿಗ್ಗೆ ನಿಮ್ಮ ಬೆನ್ನು ನಾನು ನೋಡ್ತೀನಿ."

ಸಂಜೆಯೊಳಗೆ ಅವಳನ್ನು ಅಮಾನತು ಮಾಡಿದರು. ದರ್ಜಿ ಹಿಂದಿರುಗಿ ಸುದ್ದಿ ಕೇಳಿದವನು ಹೊಲಿಗೆ ಮಿಷನ್ನಿಗೆ ಮುಚ್ಚಳ ಹಾಕಿ ಬೀಗ ಜಡಿದು, ಬೀಗದ ಕೈಯನ್ನು ಜೇಬಿಗಿಟ್ಟು ಹೆಂಡತಿಯ ಹಿಂದೆ ನಡೆದ. ಹೆದರುಪುಕ್ಕಲನೆಂದು ನಾವೆಲ್ಲ ಅವನನ್ನು ನೋಡಿ ನಗುತ್ತಿದ್ದೆವು. ಆ ದಿನ ಅವನಷ್ಟು ಬೆನ್ನೆಲುಬು ಇದ್ದವರು ಆಸ್ಪತ್ರೆಯಲ್ಲಿ ಇನ್ನೊಬ್ಬರಿರಲಿಲ್ಲ.

ಬಟ್ಟೆಗಳನ್ನು ಪೇಟೆಯ ಲಾಂಡ್ರಿಗೆ ಕೊಟ್ಟರು. ಅವು ಇಸ್ತ್ರಿಯಾಗಿ ಗರಿಗರಿಯಾಗಿ ಬಂದವು. ಮಂಚಕ್ಕೆ ಹಾಸಿದ ಸಂಜೆಯೇ ಮತ್ತೆ ಮರಳು. ಈಗ ಅದು ಕಿಟಕಿಯಿಂದ, ಬಾಗಿಲ ಸಂದಿಯಿಂದ ನೇರ ಒಳಗೇ ಬರುತ್ತಿತ್ತು. ಬಟ್ಟೆ ಒಗೆಯುವವಳು ಇಲ್ಲದ ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವವಳ ಅಲಕ್ಷ್ಯ ದಿನದಿನಕ್ಕೆ ಹೆಚ್ಚಾಯಿತು. ನಾನು ತಾತನ ಹುಣ್ಣನ್ನು ಹೊತ್ತು ಹೊತ್ತಿಗೂ ತೊಳೆದೆ, ಕಿಟಕಿಗೆ ಒದ್ದೆ ಬಟ್ಟೆ ಕಟ್ಟಿದೆ. ಹುಣ್ಣು ಆಳಕ್ಕೆ ಇಳಿಯಿತು. ಜ್ವರ ಬಂತು. ಹದಿಮೂರನೆಯ ದಿನ ಬೆಳಿಗ್ಗೆ ಹತ್ತಕ್ಕೆ, ಅವರ ಸೊಸೆ ಗಂಜಿ ಕುಡಿಸುತ್ತಿದ್ದಾಗ, ತಾತ ಹೋಗಿಬಿಟ್ಟರು. ಸಾವಿನ ಕಾರಣದ ಕಡೆ "ವೃದ್ಧಾಪ್ಯ" ಎಂದು ಬರೆದರು.

ಆ ಮಧ್ಯಾಹ್ನವೇ ನಾನು ಹಗ್ಗದಮ್ಮನ ಮನೆಗೆ ಹೋದೆ. ಒಂದೇ ಕೋಣೆ, ಮೂಲೆಯಲ್ಲಿ ಸ್ಟವ್, ಗೋಡೆಗೆ ಒರಗಿಸಿದ ಹಾಸಿಗೆಯ ಸುರುಳಿ. ಅವಳು ಹೊಸ್ತಿಲಲ್ಲೇ ಕೂತಿದ್ದಳು, ಒಳಗೆ ಬನ್ನಿ ಎನ್ನಲಿಲ್ಲ. ತಾತ ಹೋದರು ಎಂದೆ. ಅವಳಿಗೆ ಗೊತ್ತಿತ್ತು.

"ತಪ್ಪಾಯ್ತು ಹಗ್ಗದಮ್ಮ. ಕ್ಷಮಿಸಿ."

"ನನ್ನ ಹತ್ರ ಹೇಳಿ ಏನು ಬಂತು? ತಪ್ಪು ಬರೆದದ್ದು ಪುಸ್ತಕದಲ್ಲಿ. ಸರಿ ಬರೆಯೋದೂ ಅಲ್ಲೇ."

ಅಷ್ಟು ಹೇಳಿ ಎದ್ದು ಒಳಗೆ ಹೋದಳು.

ನಾನು ವಾರ್ಡಿಗೆ ಹಿಂದಿರುಗಿ ಆ ಪುಸ್ತಕ ತೆಗೆದೆ. ಹಿಂದಿನ ದೂರು ಸುಳ್ಳು ಎಂದು ಬರೆದೆ. ಹುಲ್ಲು ಕೀಳಿಸಿದ ತಾರೀಕು, ಅದಕ್ಕೆ ಮೊದಲು ಅವಳು ಎಚ್ಚರಿಸಿದ್ದು, ಆಗ ಕೋಣೆಯಲ್ಲಿ ನಾನಿದ್ದದ್ದು, ಅವಳು ಮೂರು ಸಲ ಆಫೀಸಿಗೆ ಹೋದದ್ದು, ತಾತನ ಹುಣ್ಣಿನಲ್ಲಿ ಸಿಕ್ಕ ಮರಳು, ಅವಳು ಹೋದ ಮೇಲೂ ನಿಲ್ಲದ ಮರಳು, ಎಲ್ಲ ಬರೆದೆ. ಮೇಟ್ರನ್ ಹತ್ತಿರ ಒಯ್ದೆ. ಮೇಟ್ರನ್ ನಿವೃತ್ತಿಗೆ ಏಳು ತಿಂಗಳು ಉಳಿದಿದ್ದ, ಯಾರ ಗೋಜಿಗೂ ಹೋಗದ ಹೆಂಗಸು. ಕನ್ನಡಕ ಏರಿಸಿ ಎರಡು ಸಲ ಓದಿ, ನನ್ನ ಸಹಿಯ ಕೆಳಗೆ ತಮ್ಮದನ್ನೂ ಹಾಕಿದರು. "ನಾನೂ ಕುರುಡಿ ಥರ ಕೂತಿದ್ದೆ," ಎಂದರು. ಮಾರನೆಯ ದಿನ ಇನ್ನುಳಿದ ವಾರ್ಡುಗಳ ನರ್ಸುಗಳೂ ತಮ್ಮ ತಮ್ಮ ಪುಸ್ತಕದಲ್ಲಿ ಮರಳಿನ ವಿಷಯ ಬರೆದರು. ಮೇಟ್ರನ್ ಅಷ್ಟನ್ನೂ ಒಂದೇ ಲಕೋಟೆಯಲ್ಲಿ ಹಾಕಿ, ದೊಡ್ಡ ಡಾಕ್ಟರನ್ನು ದಾಟಿ ರಿಬ್ಬನ್ ಕತ್ತರಿಸಿದ ಅಧಿಕಾರಿಗೇ ಕಳಿಸಿದರು.

ಹದಿನೈದು ದಿನದಲ್ಲಿ ಅಮಾನತು ರದ್ದಾಯಿತು. ಆದೇಶದಲ್ಲಿ "ಮಾನವೀಯ ದೃಷ್ಟಿಯಿಂದ" ಎಂದಿತ್ತು. ದರ್ಜಿ ಓದಿ ಹೇಳಿದಾಗ ಅವಳು ಆ ಪದವನ್ನು ಇನ್ನೊಂದು ಸಲ ಓದಿಸಿದಳಂತೆ. "ನನ್ನ ತಪ್ಪಿಲ್ಲ ಅಂತ ಎಲ್ಲಿ ಬರೆದಿದ್ದಾರೆ?" ಎಂದು ಕೇಳಿದಳಂತೆ. ಎಲ್ಲೂ ಬರೆದಿರಲಿಲ್ಲ.

ಆದರೂ ಬಂದಳು. ಬಂದು ತೊಟ್ಟಿಯ ಕಡೆ ಹೋಗದೆ ಮೇಟ್ರನ್ ಮುಂದೆ ನಿಂತಳು. "ಬಟ್ಟೆ ಆಮೇಲೆ. ಮೊದ್ಲು ಹುಲ್ಲು."

ಮಳೆ ಹಿಡಿಯಲು ಎರಡು ವಾರವಿತ್ತು. ದಂಡೆಯಲ್ಲಿ ಒಂದು ಮೈಲಿ ಆಚೆ, ತೊರೆ ಸಮುದ್ರ ಸೇರುವಲ್ಲಿ ಚುಚ್ಚುಹುಲ್ಲು ಉಳಿದಿತ್ತು. ಅಲ್ಲಿಂದ ಹೊತ್ತು ತಂದು ದಿಬ್ಬವಿದ್ದ ಜಾಗದಲ್ಲಿ ನೆಟ್ಟವರು ಅವಳು, ದರ್ಜಿ, ಒಗೆಯುವ ಮನೆಯ ಮೂವರು, ರಜೆಯಿದ್ದಾಗ ನಾನು. ಬಳ್ಳಿಯನ್ನು ಮೂರು ಗೆಣ್ಣಿಗೆ ಒಂದರಂತೆ ಕತ್ತರಿಸಬೇಕು, ಎರಡು ಗೆಣ್ಣು ಮರಳೊಳಗೆ ಓರೆಯಾಗಿ ಹೂಳಬೇಕು, ಒಂದು ಮೇಲಿರಬೇಕು. ಗಾಳಿ ಬರುವ ಕಡೆ ಒಣಕಡ್ಡಿಯ ಬೇಲಿ. ಕೈಗೆ ಚೀಲದ ಬಟ್ಟೆ ಸುತ್ತಿಕೊಂಡರೂ ಎಲೆ ಚುಚ್ಚಿ ನನ್ನ ಬೆರಳೆಲ್ಲ ರಕ್ತ. ನಾನು ಹಾ ಅಂದೆ. ಹಗ್ಗದಮ್ಮ ತಲೆ ಎತ್ತದೆ, "ತಣ್ಣೀರಲ್ಲಿ ತೊಳೀರಿ," ಎಂದಳು. ಆ ವಾರವೆಲ್ಲ ನನ್ನ ಜೊತೆ ಆಡಿದ ಮಾತು ಅದೊಂದೇ.

ಅರ್ಧಕ್ಕರ್ಧ ಸತ್ತವು. ಮತ್ತೆ ನೆಟ್ಟಳು. ಎರಡನೆಯ ಮಳೆಗೆ ಬಳ್ಳಿಗಳು ಒಂದನ್ನೊಂದು ದಾಟಿ ಹರಿದವು, ಬೇಲಿಯ ಕೆಳಗೆ ಮರಳು ನಿಂತು ಗುಡ್ಡೆಗಟ್ಟಿತು. ಮೂರನೆಯ ವರ್ಷದ ಗಾಳಿಗೆ ಬೆಡ್‌ಶೀಟುಗಳು ಹಗ್ಗದ ಮೇಲೆ ಬರೀ ಬಿಸಿಲಲ್ಲೇ ಒಣಗಿದವು.

ಆ ವರ್ಷವೇ ದೊಡ್ಡ ಡಾಕ್ಟರಿಗೆ ಬಡ್ತಿಯಾಗಿ ವರ್ಗವಾಯಿತು. ಬೀಳ್ಕೊಡುಗೆಯ ಸಭೆಯಲ್ಲಿ ಅವರ ಸಾಧನೆಗಳನ್ನು ಓದಿದರು. ಐದನೆಯದು "ಕಡಲತೀರದ ಹಸಿರೀಕರಣ". ಗೋಡೆಯ ಮೇಲೆ ಒಂದು ಫೋಟೋ ಕೂಡ ಇತ್ತು: ದೊಡ್ಡ ಡಾಕ್ಟರು ಕೈಗವಸು ಹಾಕಿಕೊಂಡು ಚುಚ್ಚುಹುಲ್ಲಿನ ಒಂದು ಬಳ್ಳಿ ಹಿಡಿದು ನಗುತ್ತಿದ್ದಾರೆ. ಅದನ್ನು ಯಾವಾಗ ತೆಗೆಸಿದರೋ ನಮಗೆ ಗೊತ್ತಿಲ್ಲ. ಹಗ್ಗದಮ್ಮ ಹಿಂದಿನ ಸಾಲಿನಲ್ಲಿ ನಿಂತಿದ್ದಳು. ಅವರು ಕೊನೆಗೆ ಎಲ್ಲರಿಗೂ ವಂದನೆ ಹೇಳಿ, ಒಗೆಯುವ ಮನೆಯ ಅಕ್ಕತಂಗಿಯರಿಗೂ ಎಂದು ಸೇರಿಸಿದಾಗ ಅವಳು ಮುಂದೆ ಬಂದಳು. ಪಕ್ಕದಲ್ಲಿದ್ದ ದರ್ಜಿಗೆ ಈ ಸಲ ತುಳಿಯಲು ಪೆಡಲ್ ಇರಲಿಲ್ಲ.

"ದೋಣಿ ತಾತನ ಬೆನ್ನು ನೆನಪಿದೆಯಾ ಸಾರ್?"

ದೊಡ್ಡ ಡಾಕ್ಟರು ಹುಬ್ಬು ಗಂಟಿಕ್ಕಿ ನಿಜವಾಗಿಯೂ ಯೋಚಿಸಿದರು. ಆಮೇಲೆ ಮೇಟ್ರನ್ ಜಾಗಕ್ಕೆ ಬಂದಿದ್ದ ಹೊಸ ಹೆಂಗಸಿನ ಕಡೆ ತಿರುಗಿ, "ಯಾರು ಅದು?" ಎಂದರು.

ನಾಟಕವಲ್ಲ. ಅವರಿಗೆ ನೆನಪೇ ಇರಲಿಲ್ಲ. ಹಗ್ಗದಮ್ಮನ ಮುಖ ಆಗ ಹೇಗಾಯಿತೆಂದು ನಾನು ಇಂದಿಗೂ ಸರಿಯಾಗಿ ಹೇಳಲಾರೆ. ಅವಳು ಅಲ್ಲಿಂದ ಹೊರಟುಹೋದಳು. ಮರುದಿನ ಆ ಫೋಟೋ ಗೋಡೆಯ ಮೇಲಿರಲಿಲ್ಲ. ಜವಾನ ಎಲ್ಲರನ್ನೂ ವಿಚಾರಿಸಿದ, ಯಾರೂ ನೋಡಿದವರಿಲ್ಲ. ಹಂಡೆಯ ಒಲೆಯಲ್ಲಿ ನಾನು ನೋಡಿದ್ದೆ, ನಾನೂ ಹೇಳಲಿಲ್ಲ.

ಅವಳು ಇನ್ನೂ ಒಂಬತ್ತು ವರ್ಷ ದುಡಿದಳು. ನನ್ನ ಸಮವಸ್ತ್ರವನ್ನು ಉಳಿದವರದಕ್ಕಿಂತ ಒಂದು ಮಡಿಕೆಯೂ ಕಡಿಮೆಯಿಲ್ಲದಂತೆ ಇಸ್ತ್ರಿ ಮಾಡಿ ಕೊಡುತ್ತಿದ್ದಳು. ಆದರೆ ಮೊದಲಿನಂತೆ ತೊಟ್ಟಿಯ ಕಟ್ಟೆಯ ಮೇಲೆ ಕೂರಿಸಿ ಮಾತಾಡಿಸಲಿಲ್ಲ. ನಾನು ಕೇಳಲೂ ಇಲ್ಲ. ನಿವೃತ್ತಿಯ ದಿನ ಹನ್ನೆರಡು ಹಗ್ಗವನ್ನೂ ಬಿಚ್ಚಿ, ಹೊಸದು ಬಿಗಿದು, ಮುಂದಿನವಳಿಗೆ ಗಂಟು ಹಾಕುವುದನ್ನು ಎರಡು ಸಲ ತೋರಿಸಿ, ಗಂಡನ ಕೈಯಲ್ಲಿ ಊಟದ ಡಬ್ಬಿ ಕೊಟ್ಟು ಹೊರಟಳು. ಗೇಟಿನ ಹತ್ತಿರ ಯಾರೋ ದಿಬ್ಬದ ಮೇಲೆ ಅಡ್ಡದಾರಿ ತುಳಿಯುತ್ತಿದ್ದರು. ಅವಳು ಅಲ್ಲಿಂದಲೇ ಕೂಗಿದಳು, ಅವರು ಇಳಿಯುವ ತನಕ ನಿಂತು ನೋಡಿದಳು, ಆಮೇಲೆ ಬಸ್ಸು ಹಿಡಿದಳು.